ವಾರ್ತಾವಹನದ ಪರಹಸ್ತನಿರ್ವಾಹ: ಬಾರಕೂರು ಬಸರೂರುಗಳ ವಣಿಗ್ಧರ್ಮದ ದೃಷ್ಟಿಯಿಂದ ಒಂದು ವಿಚಾರ

ವ್ಯಾಪಾರಕ್ಕೆ ಸರಕು ಎಷ್ಟು ಅವಶ್ಯವೋ ಸಮಾಚಾರವೂ ಅಷ್ಟೇ ಅವಶ್ಯವಾದುದು. ಯಾವ ರೇವಿನಲ್ಲಿ ಅಕ್ಕಿಗೆ ಯಾವ ಬೆಲೆಯುಂಟು, ಯಾವ ಹಡಗು ಎಂದು ಹೊರಡುವುದು, ಯಾವ ವರ್ತಕನ ಮಾತು ನಂಬಲರ್ಹವಾದುದು ಎಂಬೀ ಸಂಗತಿಗಳು ಸಕಾಲದಲ್ಲಿ ತಿಳಿಯದಿದ್ದರೆ ತುಂಬಿದ ಉಗ್ರಾಣವೂ ನಿಷ್ಫಲವಾಗುವುದು. ಆದುದರಿಂದ ವರ್ತಕರ ಚರಿತ್ರೆಯನ್ನು ಬರೆಯುವವರು ಸರಕಿನ ಹಾದಿಯನ್ನು ಅರಸುವಂತೆಯೇ ಸುದ್ದಿಯ ಹಾದಿಯನ್ನೂ ಅರಸಬೇಕಾಗಿರುವುದು. ಆ ಹಾದಿಯನ್ನು ಕಾಯುವವರು ಯಾರು, ಅದು ಕೆಟ್ಟಾಗ ನಷ್ಟವನ್ನು ಹೊರುವವರು ಯಾರು ಎಂಬ ಪ್ರಶ್ನೆಯು ಪ್ರಾಚೀನವಾದುದು. ಇಂದು ಅದೇ ಪ್ರಶ್ನೆಯು ಹೊಸ ವೇಷವನ್ನು ಧರಿಸಿ ಬಂದಿದೆ.

ಈಗಿನ ವಾಣಿಜ್ಯಸಂಸ್ಥೆಗಳು, ಬ್ಯಾಂಕುಗಳು, ಆಸ್ಪತ್ರೆಗಳು ತಮ್ಮ ಶಾಖೆಗಳನ್ನು ಒಂದಕ್ಕೊಂದು ಕೂಡಿಸುವ ದೂರವಾಣಿ, ಗಾಜಿನ ತಂತು, ರೌಟರ್, ಸರ್ವರ್ ಮೊದಲಾದ ಉಪಕರಣಗಳ ಪಾಲನೆಯನ್ನು ತಾವೇ ಮಾಡದೆ ಹೊರಗಿನ ಸೇವಾಸಂಸ್ಥೆಗಳಿಗೆ ಒಪ್ಪಂದದ ಮೇಲೆ ಒಪ್ಪಿಸುತ್ತವೆ. ಆ ಸಂಸ್ಥೆಯವರು ದೂರದ ಒಂದು ಕೇಂದ್ರದಲ್ಲಿ ಕುಳಿತು ಹಗಲಿರುಳು ಜಾಲವನ್ನು ನೋಡಿಕೊಳ್ಳುವರು. ಎಲ್ಲಿ ಸಂಪರ್ಕವು ಕಡಿದರೂ ಇಂತಿಷ್ಟು ಗಳಿಗೆಯೊಳಗಾಗಿ ಸರಿಪಡಿಸುವರು. ಕಳ್ಳರು ಒಳನುಗ್ಗದಂತೆ ಕಾಯುವರು. ಇದಕ್ಕಾಗಿ ತಿಂಗಳ ಲೆಕ್ಕದಲ್ಲಿ ಪ್ರತಿಫಲವನ್ನು ಪಡೆಯುವರು. ಇದಕ್ಕೆ ಔಟ್‌ಸೋರ್ಸಿಂಗ್ ಎಂಬ ಹೆಸರು ರೂಢಿಯಲ್ಲಿದೆ. ಪರಹಸ್ತನಿರ್ವಾಹವೆಂಬ ಪದದಿಂದ ಇದನ್ನು ಇಲ್ಲಿ ವ್ಯವಹರಿಸಲಾಗುವುದು. ಈ ಕ್ರಮವು ಪೂರ್ವದಲ್ಲಿ ಕಂಡು ಕೇಳದುದೆಂಬ ಭಾವನೆಯು ಪ್ರಚಲಿತವಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯ ಪೂರ್ವಚರಿತ್ರೆಯನ್ನೂ ಕನ್ನಡ ನಾಡಿನಲ್ಲಿಯೇ ರಚಿತವಾದ ವ್ಯವಹಾರಶಾಸ್ತ್ರವನ್ನೂ ಪರಿಶೀಲಿಸಿದರೆ ಈ ಭಾವನೆಯು ನಿಲ್ಲಲಾರದು.

ಹಳೆಯ ರೇವುಗಳು

ಬ್ರಹ್ಮಾವರ ತಾಲೂಕಿಗೆ ಸೇರಿದ ಬಾರಕೂರು ಸೀತಾನದಿಯ ದಡದಲ್ಲಿರುವುದು. ಆಳುಪರ ಕಾಲದಲ್ಲಿ ಅದು ರಾಜಧಾನಿಯಾಗಿದ್ದಿತು. ವಿಜಯನಗರದ ಅರಸರ ಆಳ್ವಿಕೆಯಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಮುಖ್ಯಪಟ್ಟಣವಾಯಿತು. ಕುಂದಾಪುರದ ಮೂಡಣಕ್ಕೆ ವಾರಾಹೀ ನದಿಯ ತೀರದಲ್ಲಿರುವ ಬಸರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ರೇವಾಗಿದ್ದಿತು. ಈ ಕರಾವಳಿಯ ಶಾಸನಗಳಲ್ಲಿ ನಖರ, ಹಂಜಮಾನ ಎಂಬ ವಣಿಕ್ಸಂಘಗಳ ಹೆಸರು ಕಂಡುಬರುತ್ತದೆ. ನಖರವು ದೇಶೀಯ ಸೆಟ್ಟಿಗಳ ಕೂಟ. ಹಂಜಮಾನವು ಸಮುದ್ರದಾಚೆಯಿಂದ ಬಂದು ನೆಲಸಿದ ವರ್ತಕರ ಕೂಟವೆಂದು ವಿದ್ವಾಂಸರು ಅರ್ಥಮಾಡಿರುವರು. ೧೪ನೆಯ ಶತಮಾನದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತನು ಫಾಕನೂರೆಂದು ಕರೆದಿರುವ ಊರು ಬಾರಕೂರೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಆ ರೇವನ್ನು ಹಾದುಹೋಗುವ ಹಡಗುಗಳು ಅಲ್ಲಿ ನಿಂತು ಬಂದರಿನ ಹಕ್ಕನ್ನು ಸಲ್ಲಿಸಬೇಕಾಗಿದ್ದಿತೆಂದು ಅವನು ಬರೆದಿಟ್ಟಿರುವನು. ಹಾದಿಯನ್ನು ಉಪಯೋಗಿಸುವವನು ಹಾದಿಯ ಒಡೆಯನಿಗೆ ಶುಲ್ಕವನ್ನು ತೆರುವ ಪದ್ಧತಿಯು ಅಂದಿಗೇ ದೃಢವಾಗಿದ್ದಿತು.

ಇಂತಹ ರೇವುಗಳ ವರ್ತಕನು ಏಡನ್, ಹೊರ್ಮುಜ್ ಮೊದಲಾದ ದೂರದೇಶಗಳ ಸಮಾಚಾರವನ್ನು ಪಡೆಯುತ್ತಿದ್ದುದು ಹೇಗೆ? ಇದಕ್ಕೆ ನೆರೆಯ ಮಂಗಳೂರಿನ ಒಂದು ನಿದರ್ಶನವು ದೊರೆಯುತ್ತದೆ. ಅಬ್ರಹಾಂ ಬೆನ್ ಯೀಜು ಎಂಬ ಯೆಹೂದ್ಯ ವರ್ತಕನು ೧೧೩೨ರಿಂದ ೧೧೪೯ರವರೆಗೆ ಈ ಪಶ್ಚಿಮತೀರದಲ್ಲಿದ್ದು ವ್ಯಾಪಾರಮಾಡಿದನು. ಅವನ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದ ಕಾಗದದ ರಾಶಿಯಲ್ಲಿ ಉಳಿದುಬಂದಿವೆ. ಏಡನ್ನಿನಲ್ಲಿದ್ದ ಮಿತ್ರರು ಅವನಿಗೆ ಬೆಲೆಗಳನ್ನು ತಿಳಿಸುತ್ತಿದ್ದರು. ಬೊಮ್ಮನೆಂಬ ತೌಳವ ಸೇವಕನು ಅವನ ಪರವಾಗಿ ಅಲ್ಲಿಗೆ ಹೋಗಿಬರುತ್ತಿದ್ದನು. ಆ ಕಾಲದ ವರ್ತಕರಲ್ಲಿ ಒಂದೇ ಪತ್ರದ ಎರಡು ಮೂರು ಪ್ರತಿಗಳನ್ನು ಬೇರೆಬೇರೆ ಹಡಗುಗಳಲ್ಲಿ ಕಳುಹಿಸುವ ಪದ್ಧತಿಯೂ ಇದ್ದಿತು. ಒಂದು ಹಡಗು ಮುಳುಗಿದರೆ ಮತ್ತೊಂದು ಸೇರುವುದು. ಎಂಟುನೂರು ವರ್ಷಗಳ ಹಿಂದೆಯೇ ವರ್ತಕನು ತನ್ನ ವಾರ್ತಾವಹನವನ್ನು ಪರಹಸ್ತಕ್ಕೆ ಒಪ್ಪಿಸುತ್ತಿದ್ದನು. ಆದರೆ ಒಂದೇ ಹಸ್ತವನ್ನು ನೆಚ್ಚುತ್ತಿರಲಿಲ್ಲ.

ಒಂದೇ ಹಸ್ತವನ್ನು ನೆಚ್ಚಬೇಕಾಗಿ ಬಂದಾಗ ಏನಾಗುವುದೆಂಬುದಕ್ಕೆ ಬಸರೂರಿನ ಮುಂದಿನ ಚರಿತ್ರೆಯೇ ಸಾಕ್ಷಿ. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರು ಕಡಲಹಾದಿಯನ್ನು ತಮ್ಮ ವಶಮಾಡಿಕೊಂಡು, ಕಾರ್ತಾಸ್ ಎಂಬ ರಹದಾರಿಪತ್ರವಿಲ್ಲದ ಹಡಗುಗಳನ್ನು ಹಿಡಿಯತೊಡಗಿದರು. ೧೫೬೯ರಲ್ಲಿ ಬಸರೂರಿನಲ್ಲಿ ಅವರ ಕೋಟೆಯೂ ಎದ್ದಿತು. ಹಡಗು ವರ್ತಕನದು, ಸರಕೂ ವರ್ತಕನದು. ಹಾದಿಯ ಕೀಲಿಕೈ ಮಾತ್ರ ಪರರದು. ಹಾದಿಯನ್ನು ಒದಗಿಸುವವನು ಒಬ್ಬನೇ ಆದಲ್ಲಿ ಅವನು ಹೇಳಿದುದೇ ಬೆಲೆ, ಅವನು ಬರೆದುದೇ ಒಪ್ಪಂದವಾಗುವುದು.

ಮಿತಾಕ್ಷರೆಯ ನಿರ್ಣಯಗಳು

ಪರಹಸ್ತಕ್ಕೆ ಒಪ್ಪಿಸಿದ ಕಾರ್ಯದ ಧರ್ಮವನ್ನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ವಿಶದವಾಗಿ ಹೇಳುತ್ತದೆ. ಅದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ಅರಸನ ಆಳ್ವಿಕೆಯು ೧೦೭೬ರಿಂದ ೧೧೨೬ರವರೆಗೆ ನಡೆಯಿತು. ಬೆನ್ ಯೀಜುವು ಮಂಗಳೂರಿಗೆ ಬರುವುದಕ್ಕೆ ಮೊದಲು ಕನ್ನಡ ನಾಡಿನಲ್ಲಿ ಸಿದ್ಧವಾದ ಗ್ರಂಥವಿದು. ಇದರಲ್ಲಿನ ಮೂರು ಪ್ರಕರಣಗಳು ಪ್ರಕೃತಕ್ಕೆ ಸಂಬಂಧಿಸುತ್ತವೆ.

ಮೊದಲನೆಯದು ಸಂಭೂಯಸಮುತ್ಥಾನ, ಎಂದರೆ ಹಲವರು ಕೂಡಿ ಮಾಡುವ ವ್ಯಾಪಾರ. ಪಾಲುಗಾರರಲ್ಲಿ ತನ್ನ ಭಾಗದ ಕೆಲಸವನ್ನು ಮಾಡಲು ಶಕ್ತನಲ್ಲದವನು ಅದನ್ನು ಮತ್ತೊಬ್ಬನಿಂದ ಮಾಡಿಸಬಹುದೆಂದು ಸ್ಮೃತಿಯು ಸ್ಪಷ್ಟವಾಗಿ ಅನುಮತಿಯನ್ನು ಕೊಡುತ್ತದೆ. ಪರಹಸ್ತನಿರ್ವಾಹಕ್ಕೆ ಇದಕ್ಕಿಂತ ನೇರವಾದ ಆಧಾರವು ಬೇಕಿಲ್ಲ. ಆದರೆ ಹಾಗೆ ಮಾಡಿಸಿದವನು ಪಾಲುಗಾರನಾಗಿಯೇ ಉಳಿಯುವನು. ಲಾಭಕ್ಕೆ ಹಕ್ಕುದಾರನಾದಂತೆ ನಷ್ಟಕ್ಕೂ ಹೊಣೆಗಾರನು. ಪ್ರಮಾದದಿಂದ ಸರಕನ್ನು ಕೆಡಿಸಿದವನು ಅದನ್ನು ತುಂಬಿಕೊಡಬೇಕು. ಆಪತ್ತಿನಲ್ಲಿ ಅದನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಭಾಗವು ಸಲ್ಲಬೇಕು ಎಂಬ ವಿಧಿಯೂ ಅಲ್ಲಿಯೇ ಇದೆ.

ಎರಡನೆಯದು ವೇತನಾದಾನ. ಸಂಬಳವನ್ನು ಗೊತ್ತುಮಾಡದೆ ಕೆಲಸಮಾಡಿಸಿದವನಿಂದ ವ್ಯಾಪಾರ, ಪಶು, ಬೆಳೆಗಳಲ್ಲಿ ಬಂದ ಲಾಭದ ದಶಮಾಂಶವನ್ನು ಅರಸನು ಕೊಡಿಸಬೇಕು. ಹೇಳಿದ ದೇಶಕಾಲಗಳನ್ನು ಮೀರಿ ಲಾಭವನ್ನು ಕೆಡಿಸಿದ ಭೃತ್ಯನಿಗೆ ಕೊಡುವುದು ಸ್ವಾಮಿಯ ಇಚ್ಛೆ. ಲಾಭವನ್ನು ಹೆಚ್ಚಿಸಿದವನಿಗೆ ಹೆಚ್ಚಾಗಿಯೇ ಕೊಡತಕ್ಕದ್ದು. ರಾಜನಿಂದಾಗಲಿ ದೈವದಿಂದಾಗಲಿ ಆಗದ ನಷ್ಟವನ್ನು ಸರಕು ಹೊತ್ತವನೇ ಭರಿಸಬೇಕು. ಪ್ರಯಾಣಕ್ಕೆ ವಿಘ್ನವನ್ನು ಮಾಡಿದವನು ಕೂಲಿಯ ಎರಡರಷ್ಟನ್ನು ತೆರಬೇಕು. ಹೊರಟಕೂಡಲೆ ಕೈಬಿಟ್ಟವನಿಗೆ ಕೂಲಿಯ ಏಳನೆಯ ಒಂದು ಭಾಗ, ಹಾದಿಯಲ್ಲಿ ಬಿಟ್ಟವನಿಗೆ ನಾಲ್ಕನೆಯ ಒಂದು ಭಾಗ, ಅರ್ಧದಾರಿಯಲ್ಲಿ ಬಿಟ್ಟವನಿಗೆ ಪೂರ್ಣ ಕೂಲಿ ದಂಡವಾಗುವುದು. ಕೆಲಸಗಾರನನ್ನು ನಡುದಾರಿಯಲ್ಲಿ ಬಿಡಿಸಿದ ಯಜಮಾನನಿಗೂ ಇದೇ ನಿಯಮ. ಈ ವಿಧಿಗಳನ್ನು ಈಗಿನ ಸೇವಾಒಪ್ಪಂದಗಳೊಡನೆ ಹೋಲಿಸಿದರೆ ಸಾದೃಶ್ಯವು ಆಶ್ಚರ್ಯಕರವಾಗಿದೆ. ಕಾಲಮೀರಿದರೆ ಕಡಿತ, ದೈವಾಧೀನವಾದ ವಿಪತ್ತಿಗೆ ವಿನಾಯಿತಿ, ಅವಧಿಗೆ ಮೊದಲೇ ಬಿಟ್ಟುಹೋದರೆ ದಂಡ ಎಂಬ ಮೂರು ವಿಧಿಗಳೂ ಈಗಿನ ಕರಾರುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಬಿಡುವಿಕೆಯ ದಂಡವು ಎರಡು ಪಕ್ಷಗಳಿಗೂ ಸಮಾನವಾಗಿರಬೇಕೆಂಬ ಸ್ಮೃತಿಯ ನ್ಯಾಯವು ಮಾತ್ರ ಎಲ್ಲ ಕರಾರುಗಳಲ್ಲಿಯೂ ಕಾಣುವುದಿಲ್ಲ.

ಮೂರನೆಯದು ಉಪನಿಧಿ. ಒಳಗೇನಿದೆಯೆಂದು ಹೇಳದೆ ಮುದ್ರೆಯೊತ್ತಿ ಮತ್ತೊಬ್ಬನ ಕೈಯಲ್ಲಿಟ್ಟ ವಸ್ತುವಿಗೆ ಉಪನಿಧಿಯೆಂದು ಹೆಸರು. ಎಣಿಸಿ ತೋರಿಸಿ ಇಟ್ಟುದು ನಿಕ್ಷೇಪವೆನಿಸುವುದು. ಇಟ್ಟುಕೊಂಡವನು ಅದನ್ನು ತನ್ನ ಜೀವನಕ್ಕಾಗಿ ಬಳಸಿಕೊಂಡರೆ ದಂಡನೀಯನು; ಬಡ್ಡಿಸಹಿತವಾಗಿ ಹಿಂದಿರುಗಿಸತಕ್ಕವನು. ಇಂದು ಒಂದು ಬ್ಯಾಂಕಿನ ಲೆಕ್ಕಗಳು ಗೂಢಲಿಪಿಯಲ್ಲಿ ಮುಚ್ಚಲ್ಪಟ್ಟು ಪರರ ತಂತುಗಳಲ್ಲಿ ಹರಿಯುವಾಗ ಅವು ಉಪನಿಧಿಯ ಸ್ವರೂಪವನ್ನೇ ಹೊಂದಿರುವುವು. ಮುದ್ರೆಯನ್ನು ಒಡೆಯುವ ಅಧಿಕಾರವು ಸಾಗಿಸುವವನಿಗೆ ಇಲ್ಲ.

ರಾಜಸ್ವಾಮ್ಯದಿಂದ ಪರಹಸ್ತಕ್ಕೆ

ವಾರ್ತಾವಹನವು ಅರಸರ ಸ್ವಂತಕಾರ್ಯವಾದ ಕಾಲವೂ ಒಂದಿದ್ದಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಅಂಚೆಯನ್ನು ಸ್ಥಾಪಿಸಿದರೆಂದು ಪ್ರಸಿದ್ಧಿಯುಂಟು. ಆ ಅಂಚೆಯವರೇ ರಾಜ್ಯದ ಗುಟ್ಟಿನ ಸುದ್ದಿಯನ್ನೂ ಅರಸರಿಗೆ ಮುಟ್ಟಿಸುತ್ತಿದ್ದರು. ಪತ್ರವನ್ನು ಹೊರುವವನು ಅದನ್ನು ಓದಬಲ್ಲನೆಂಬ ಶಂಕೆಗೆ ಇದು ಹಳೆಯ ನಿದರ್ಶನ. ೧೮೮೯ರಲ್ಲಿ ಆ ಅಂಚೆಯು ಬ್ರಿಟಿಷರ ಅಂಚೆಯೊಡನೆ ಐಕ್ಯವಾಯಿತು. ಕರಾವಳಿಯಾದರೋ ೧೭೯೯ರಿಂದಲೇ ಕಂಪೆನಿಯ ಆಳ್ವಿಕೆಗೆ ಒಳಪಟ್ಟಿದ್ದಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗಲೂ ಕುಂದಾಪುರವು ಮದರಾಸಿನ ಆಡಳಿತದಲ್ಲಿಯೇ ಉಳಿಯಿತು. ೧೮೮೫ರ ತಂತೀ ಕಾಯಿದೆಯು ದೂರವಾರ್ತೆಯ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತು. ವರ್ತಕನು ತಂತಿಯ ಕಛೇರಿಗೆ ಹೋಗಿ ಪದಗಳನ್ನು ಎಣಿಸಿ ಹಣವನ್ನು ತೆತ್ತುಬರುವನಲ್ಲದೆ ಜಾಲದ ವಿಷಯದಲ್ಲಿ ಅವನಿಗೆ ಯಾವ ಮಾತೂ ಇರಲಿಲ್ಲ. ಆ ತಂತಿಯ ಸೇವೆಯು ೨೦೧೩ರ ಜುಲೈಯಲ್ಲಿ ನಿಂತುಹೋಯಿತು. ಕಾಯಿದೆಗೆ ಬದಲಾಗಿ ೨೦೨೩ರಲ್ಲಿ ಹೊಸ ದೂರಸಂಪರ್ಕ ಕಾಯಿದೆಯು ಅಂಗೀಕೃತವಾಯಿತು.

ಏಕಸ್ವಾಮ್ಯದ ಗೋಡೆಯಲ್ಲಿ ಮೊದಲು ಬಿರುಕನ್ನು ಮಾಡಿದುದು ಪೇಟೆಬೀದಿಯ ದೂರವಾಣಿ ಅಂಗಡಿಯೆಂದು ಹೇಳಬಹುದು. ೧೯೮೦ರ ದಶಕದಿಂದ ಸರ್ಕಾರದ ತಂತಿಯನ್ನು ಖಾಸಗಿಯವರು ದಳ್ಳಾಳಿಯ ಮೇಲೆ ಜನರಿಗೆ ಒದಗಿಸುವ ಎಸ್.ಟಿ.ಡಿ. ಅಂಗಡಿಗಳು ದೇಶದ ಸಣ್ಣ ಊರುಗಳಿಗೂ ಬಂದುವು. ೧೯೯೪ರ ದೂರಸಂಪರ್ಕನೀತಿಯು ಖಾಸಗಿ ಕಂಪೆನಿಗಳಿಗೆ ಬಾಗಿಲನ್ನು ತೆರೆಯಿತು. ೧೯೯೭ರಲ್ಲಿ ನಿಯಂತ್ರಣಪ್ರಾಧಿಕಾರವೂ, ೨೦೦೦ದ ಅಕ್ಟೋಬರಿನಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯೂ ಹುಟ್ಟಿದುವು.

ಜಾಲದ ನಿರ್ವಾಹವೇ ಒಂದು ಮಾರುಕಟ್ಟೆಯಾದ ಬಗೆಯು ಇದಕ್ಕೆ ಸಮಾನಾಂತರವಾದುದು. ೧೯೮೯ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯು ತನ್ನ ಗಣಕಕೇಂದ್ರಗಳ ಪಾಲನೆಯನ್ನು ಐ.ಬಿ.ಎಂ. ಸಂಸ್ಥೆಗೆ ಒಪ್ಪಿಸಿದುದು ಪ್ರಪಂಚದ ದೊಡ್ಡ ವ್ಯಾಪಾರಿಗಳಿಗೆ ಮೇಲ್ಪಂಕ್ತಿಯಾಯಿತು. ಬೆಂಗಳೂರಿನಲ್ಲಿ ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಕಾಲಿಟ್ಟು ಉಪಗ್ರಹದ ಮೂಲಕ ಅಮೆರಿಕದೊಡನೆ ಕಾರ್ಯನಡೆಸಿ, ದೂರದಿಂದಲೇ ಕೆಲಸವನ್ನು ಮಾಡಿಕೊಡಬಹುದೆಂಬುದನ್ನು ತೋರಿಸಿತು. ೧೯೮೯ರಲ್ಲಿ ಅಲ್ಲಿಯೇ ಆರಂಭವಾದ ಮೈಕ್ರೋಲ್ಯಾಂಡ್ ಸಂಸ್ಥೆಯೂ, ವಿಪ್ರೋ ಮೊದಲಾದುವೂ ಪರದೇಶದ ಗಿರಾಕಿಗಳ ಜಾಲಗಳನ್ನು ಇಲ್ಲಿಂದಲೇ ಕಾಯುವ ವೃತ್ತಿಯನ್ನು ಕೈಗೊಂಡುವು. ಆದರೆ ದೂರವಾಣಿ ಕಂಪೆನಿಯೇ ತನ್ನ ಜಾಲವನ್ನು ಪರಹಸ್ತಕ್ಕೊಪ್ಪಿಸಿದ ಪ್ರಸಿದ್ಧವಾದ ಪ್ರಸಂಗವು ೨೦೦೪ರದು. ಭಾರ್ತಿ ಕಂಪೆನಿಯು ಆ ವರ್ಷ ತನ್ನ ಜಾಲದ ಪಾಲನೆಯನ್ನು ಎರಿಕ್‌ಸನ್ ಮತ್ತು ನೋಕಿಯಾ ಸಂಸ್ಥೆಗಳಿಗೂ, ಗಣಕವ್ಯವಸ್ಥೆಯನ್ನು ಐ.ಬಿ.ಎಂ. ಸಂಸ್ಥೆಗೆ ಹತ್ತು ವರ್ಷಗಳ ಅವಧಿಗೂ ಒಪ್ಪಿಸಿತು. ಉಪಯೋಗಕ್ಕೆ ಬಂದ ಸಾಮರ್ಥ್ಯದ ಮೇಲೆ ಎರಿಕ್‌ಸನ್ನಿಗೂ, ಆದಾಯದ ಪಾಲಾಗಿ ಐ.ಬಿ.ಎಂ.ಗೂ ಪ್ರತಿಫಲವು ಗೊತ್ತಾಯಿತು. ಲಾಭದಲ್ಲಿ ಭಾಗವನ್ನು ಕೊಡುವ ಈ ಕ್ರಮವು ಸ್ಮೃತಿಯ ದಶಮಾಂಶದ ವಿಧಿಯನ್ನು ನೆನಪಿಗೆ ತರುವುದು. ಗಿರಾಕಿಯು ಹೆಚ್ಚಿದರೆ ಸೇವಕನಿಗೂ ಹೆಚ್ಚುವುದರಿಂದ ಇಬ್ಬರ ಹಿತವೂ ಒಂದೇ ದಿಕ್ಕಿನಲ್ಲಿ ಸಾಗುವುದೆಂಬುದೇ ಇದರ ಮರ್ಮ.

ಹೊಣೆಯ ಪ್ರಶ್ನೆ

ಈ ಮಾರುಕಟ್ಟೆಯ ಭಾಷೆಯಲ್ಲಿ ಸಂಖ್ಯೆಗಳು ಕೆಲವೊಮ್ಮೆ ಮೋಸಗೊಳಿಸುವುವು. ಜಾಲವು ನೂರಕ್ಕೆ ೯೯ ಪಾಲು ಕಾಲ ನಡೆಯುವುದೆಂದು ಕರಾರಿನಲ್ಲಿ ಬರೆದರೆ ಓದುವವನಿಗೆ ತೃಪ್ತಿಯಾಗುವುದು. ಆದರೆ ೩೦ ದಿನಗಳ ತಿಂಗಳಿಗೆ ೭೨೦ ಗಂಟೆಗಳು; ಅದರಲ್ಲಿ ನೂರನೆಯ ಒಂದು ಪಾಲೆಂದರೆ ೭ ಗಂಟೆ ೧೨ ನಿಮಿಷಗಳು. ಸಂತೆಯ ದಿನ ಪೂರ್ತಿ ಸಂಪರ್ಕವು ಕೆಟ್ಟಿದ್ದರೂ ಕರಾರು ಭಂಗವಾಗದು. ನೂರಕ್ಕೆ ೯೯.೯ ಎಂದಾದರೆ ಆ ಅವಕಾಶವು ಸುಮಾರು ೪೩ ನಿಮಿಷಗಳಿಗೆ ಇಳಿಯುವುದು. ಒಂದು ದಶಾಂಶದ ಬೆಲೆ ಇಷ್ಟಿರುವುದು.

ಹೊಣೆಯ ವಿಷಯದಲ್ಲಿ ಇಂದಿನ ರಾಜಶಾಸನವು ಸ್ಮೃತಿಯ ಮಾರ್ಗವನ್ನೇ ಹಿಡಿದಿದೆ. ೨೦೨೩ರ ಏಪ್ರಿಲಿನಲ್ಲಿ ಹೊರಟು ಅದೇ ಅಕ್ಟೋಬರಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶವು, ಬ್ಯಾಂಕು ಮೊದಲಾದ ಸಂಸ್ಥೆಗಳು ತಮ್ಮ ಗಣಕಸೇವೆಗಳನ್ನು ಪರರಿಗೆ ಒಪ್ಪಿಸಿದರೂ ಗಿರಾಕಿಗಳಿಗೆ ತಾವು ಸಲ್ಲಿಸಬೇಕಾದ ಹೊಣೆಯು ಕಡಮೆಯಾಗದೆಂದು ವಿಧಿಸಿದೆ. ಕಾರ್ಯವನ್ನು ಪರಹಸ್ತಕ್ಕೆ ಕೊಡಬಹುದು. ಹೊಣೆಯನ್ನು ಕೊಡಲಾಗದು ಎಂಬುದೇ ಇದರ ತಾತ್ಪರ್ಯ.

ಆದರೂ ಹೊಣೆಯು ಕಾಗದದ ಮೇಲಿದ್ದರೆ ಸಾಲದು. ೨೦೨೪ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಗಣಕಸೇವೆಯನ್ನು ಒದಗಿಸುವ ಸಿ-ಎಡ್ಜ್ ಎಂಬ ಸಂಸ್ಥೆಯ ವ್ಯವಸ್ಥೆಯ ಮೇಲೆ ಒತ್ತೆಹಣಕ್ಕಾಗಿ ದಾಳಿಯಾಯಿತೆಂಬ ಶಂಕೆಯಿಂದ, ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತಾತ್ಕಾಲಿಕವಾಗಿ ಪ್ರತ್ಯೇಕಿಸಿತು. ದೇಶದ ಸುಮಾರು ೩೦೦ ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಆ ಹೊತ್ತು ಪಾವತಿಯ ದಾರಿಯೇ ಮುಚ್ಚಿಹೋಯಿತು. ಆ ಬ್ಯಾಂಕುಗಳಲ್ಲಿ ಬಹುಪಾಲು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ತಾವೇ ಜಾಲವನ್ನು ಕಟ್ಟಲು ಶಕ್ತಿಯಿಲ್ಲದವರು ಮತ್ತೊಬ್ಬನಿಂದ ಮಾಡಿಸಿದುದು ಶಾಸ್ತ್ರಸಮ್ಮತವೇ. ಆದರೆ ಎಲ್ಲರೂ ಒಂದೇ ಹಡಗಿನಲ್ಲಿ ತಮ್ಮ ಪತ್ರಗಳನ್ನು ಕಳುಹಿಸಿದ್ದರು.

ಮೂರು ತಾಲೂಕುಗಳಿಗೆ ಅನ್ವಯ

ಈ ವಿಚಾರವನ್ನು ಈ ಸೀಮೆಯ ನೆಲಕ್ಕೆ ಅನ್ವಯಿಸಿ ನೋಡಬೇಕು. ಉಡುಪಿ ಜಿಲ್ಲೆಯು ೧೯೯೭ರಲ್ಲಿ ಆಯಿತು. ಬೈಂದೂರು ಬ್ರಹ್ಮಾವರಗಳು ಅನಂತರದಲ್ಲಿ ಪ್ರತ್ಯೇಕ ತಾಲೂಕುಗಳಾದುವು. ಮೂರರಲ್ಲಿಯೂ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ನಡುವಣ ಕಿರುನೆಲದಲ್ಲಿ ಹೊಳೆಗಳ ಮೇಲಿನ ಸೇತುವೆಗಳನ್ನು ದಾಟುತ್ತ ತೆಂಕಣಿಂದ ಬಡಗಣಕ್ಕೆ ಹೆದ್ದಾರಿಯು ಹೋಗುವುದು. ಬೈಂದೂರು ತಾಲೂಕಿನ ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸಮುದ್ರ, ಮತ್ತೊಂದು ಮಗ್ಗುಲಿಗೆ ಸೌಪರ್ಣಿಕೆ; ಹಾದಿಗೆ ಉಳಿದಿರುವುದು ಒಂದು ಪಟ್ಟಿಯಷ್ಟು ನೆಲ. ಅಲ್ಲಿ ಕಡಲು ಕೊರೆದರೆ ಹಾದಿಗೂ ಹಾದಿಯ ಮಗ್ಗುಲಲ್ಲಿ ಹೂಳಿದ ತಂತುವಿಗೂ ಏಕಕಾಲದಲ್ಲಿ ಅಪಾಯವು. ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವು ಇಲ್ಲಿ ನದಿಗೆ ಮೂಡಣದಲ್ಲಿ ಹಾದಿರುವುದರಿಂದ ಎರಡನೆಯ ದಾರಿಯು ದೊರೆಯುವಂತಿದೆ. ಒಂದೇ ಹೆದ್ದಾರಿಯ ಅಂಚಿನಲ್ಲಿ ಇಬ್ಬರು ಕಂಪೆನಿಯವರ ತಂತುಗಳು ಹೋದರೆ ಅದು ಎರಡು ಹಡಗಲ್ಲ. ಒಂದೇ ಹಡಗಿನ ಎರಡು ಪೆಟ್ಟಿಗೆಗಳು. ಕರಾರಿನಲ್ಲಿ ಎರಡು ಕಂಪೆನಿಗಳ ಹೆಸರಿದ್ದರೆ ಸಾಲದು, ಎರಡು ಹಾದಿಗಳು ಇವೆಯೇ ಎಂದು ವಿಚಾರಿಸತಕ್ಕದ್ದು. ದೂರದ ನಗರದ ಕೇಂದ್ರದಲ್ಲಿ ಕುಳಿತವನಿಗೆ ಕಾಣುವುದು ಪಟದ ಮೇಲಿನ ಗೆರೆ. ಆ ಗೆರೆಯು ಯಾವ ಸೇತುವೆಯ ಮೇಲಿದೆ, ಆಷಾಢದ ಮಳೆಯಲ್ಲಿ ಯಾವ ತೋಡು ಉಕ್ಕುವುದು ಎಂಬ ತಿಳಿವು ಊರಿನಲ್ಲಿಯೇ ಉಳಿದಿರಬೇಕು.

ಗೇರುಬೀಜದ ಕಾರ್ಖಾನೆ, ಹೆಂಚಿನ ಕಾರ್ಖಾನೆ, ಗಂಗೊಳ್ಳಿಯ ಮೀನುವ್ಯಾಪಾರ, ಸಹಕಾರಿ ಸಂಘ, ಚಿಕ್ಕ ಆಸ್ಪತ್ರೆ ಇವುಗಳ ಯಜಮಾನರು ದೊಡ್ಡ ಸೇವಾಸಂಸ್ಥೆಯೊಡನೆ ಕುಳಿತು ಕರಾರಿನ ಒಂದೊಂದು ಕಲಮನ್ನೂ ತಿದ್ದಿಸಲಾರರು. ಅವರ ಮುಂದೆ ಬರುವುದು ಅಚ್ಚಾದ ಕಾಗದ. ಅವರ ಪಾಲಿಗೆ ಉಳಿದಿರುವುದು ಅದಕ್ಕೆ ರುಜು ಹಾಕುವುದೊಂದೇ. ಭಾರ್ತಿಯಂತಹ ಕಂಪೆನಿಯು ಆದಾಯದ ಪಾಲು, ಸಾಮರ್ಥ್ಯದ ಬೆಲೆ ಎಂದು ಚೌಕಾಸಿಮಾಡಲು ಶಕ್ತವಾದುದು ತನ್ನ ಗಾತ್ರದ ಬಲದಿಂದ. ಆ ಗಾತ್ರವು ಸಣ್ಣವನಿಗೆ ಬರುವುದು ಕೂಟದಿಂದ ಮಾತ್ರ. ಬಾರಕೂರಿನ ಒಬ್ಬ ಸೆಟ್ಟಿಯ ಮಾತಿಗೆ ಬೆಲೆ ಬರುತ್ತಿದ್ದುದು ನಖರದ ಮಾತಾದಾಗ. ಪರದೇಶದ ವರ್ತಕನಿಗೂ ಹಂಜಮಾನವೇ ಬಲವಾಗಿದ್ದಿತು.

ಈ ಕೂಟಧರ್ಮವು ಈ ಜಿಲ್ಲೆಗಳಲ್ಲಿ ನಶಿಸಿಲ್ಲ. ದಕ್ಷಿಣ ಕನ್ನಡದ ಸಹಕಾರಚಳವಳಿಯ ಪಿತಾಮಹರೆಂದು ಖ್ಯಾತರಾದ ಮೊಳಹಳ್ಳಿ ಶಿವರಾಯರ ಹೆಸರಿನಲ್ಲಿರುವ ಮೊಳಹಳ್ಳಿಯು ಕುಂದಾಪುರ ತಾಲೂಕಿನ ಗ್ರಾಮವೇ. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ೧೯೧೪ರಷ್ಟು ಹಿಂದೆಯೇ ಹುಟ್ಟಿತು. ಸಾಲಕ್ಕಾಗಿ, ಗೊಬ್ಬರಕ್ಕಾಗಿ, ಹಾಲಿಗಾಗಿ ಒಂದಾದವರು ವಾರ್ತಾವಹನಕ್ಕಾಗಿ ಒಂದಾಗಲು ಅಡ್ಡಿಯೇನೂ ಇಲ್ಲ. ಇಪ್ಪತ್ತು ಮೂವತ್ತು ಸಂಘಗಳು ಕೂಡಿ ಒಂದೇ ಕರಾರನ್ನು ಬರೆಯಿಸಿದರೆ ಎರಡು ಹಾದಿ, ಕಾಲಮೀರಿದುದಕ್ಕೆ ಕಡಿತ, ಬಿಡುವಿಕೆಗೆ ಸಮಾನವಾದ ದಂಡ, ಬಿಟ್ಟುಹೋಗುವಾಗ ಜಾಲದ ಪಟವನ್ನೂ ಕೀಲಿಗಳನ್ನೂ ಒಪ್ಪಿಸಿಹೋಗುವ ಬದ್ಧತೆ ಎಂಬ ನಾಲ್ಕು ಕಲಮುಗಳನ್ನು ಸೇರಿಸುವ ಶಕ್ತಿಯು ಅವಕ್ಕೆ ಬರುವುದು. ಸಂಘಗಳು ತಮ್ಮಲ್ಲಿ ಜಾಲವನ್ನು ಬಲ್ಲ ಒಬ್ಬಿಬ್ಬರನ್ನಾದರೂ ಸ್ವಂತ ನೌಕರಿಯಲ್ಲಿಟ್ಟುಕೊಳ್ಳಬೇಕಾದುದೂ ಅವಶ್ಯ. ಪರರಿಂದ ಮಾಡಿಸಿದ ಕಾರ್ಯವು ಸರಿಯಾಯಿತೋ ಇಲ್ಲವೋ ಎಂದು ನೋಡಬಲ್ಲವನು ಮನೆಯಲ್ಲಿಲ್ಲದಿದ್ದರೆ ಯಜಮಾನನು ಹೆಸರಿಗೆ ಮಾತ್ರ ಯಜಮಾನನು.

ಒಟ್ಟಿನಲ್ಲಿ ಪರಹಸ್ತನಿರ್ವಾಹವು ಹೊಸತೂ ಅಲ್ಲ, ದೋಷಯುಕ್ತವೂ ಅಲ್ಲ. ಅದನ್ನು ಕರಾವಳಿಯ ಹಳೆಯ ವರ್ತಕರು ಆಚರಿಸಿದರು, ಶಾಸ್ತ್ರಕಾರರು ಅನುಮೋದಿಸಿದರು. ಅವರು ಅದಕ್ಕೆ ಜೊತೆಯಾಗಿ ಇಟ್ಟಿದ್ದ ಎರಡನೆಯ ಹಡಗು, ಮುದ್ರೆ, ಸಮದಂಡ, ಕೂಟ ಎಂಬ ನಾಲ್ಕು ಕಾವಲುಗಳಲ್ಲಿ ಮೊದಲನೆಯದು ದುರ್ಬಲವಾಗಿದೆ, ಎರಡನೆಯದನ್ನು ಗೂಢಲಿಪಿಯು ಕಾಯುತ್ತಿದೆ, ಮೂರನೆಯದು ಎಲ್ಲೆಡೆಯೂ ಕಾಣದು. ನಾಲ್ಕನೆಯದು ಸಣ್ಣ ವರ್ತಕರ ಕೈಯಲ್ಲಿಯೇ ಇರುವುದು. ಅದು ಕೂಡಿದರೆ ಮಿಕ್ಕವನ್ನು ಕರಾರಿನಲ್ಲಿ ಕೇಳಿ ಪಡೆಯುವ ದಾರಿಯೂ ತೆರೆಯುವುದು.